ಅಟ್ರಾಕ್ಟಾ ಬರೆದ ಮುಖಗಳು

ರಾಸ್‌ಡೂನಿನಲ್ಲಿ ಸತ್ತವರ ಮುಖ ನೋಡಲು ಬಂದವರು ಆಡುವ ಮಾತು ಒಂದೇ. ಪೆಟ್ಟಿಗೆಯ ಪಕ್ಕ ನಿಂತು, ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು, ತಲೆ ಸ್ವಲ್ಪ ಓರೆ ಮಾಡಿ, "ತನ್ನ ಹಾಗೇ ಇದ್ದಾಳೆ" ಅನ್ನಬೇಕು, ಬದುಕಿದ್ದಾಗ ಇದ್ದಂತೆಯೇ ಎಂಬ ಅರ್ಥದಲ್ಲಿ. ಅಷ್ಟು ಅಂದರೆ ಮನೆಯವರಿಗೆ ಸಮಾಧಾನ, ಹೆಣಕ್ಕೆ ಬಣ್ಣ ಹಚ್ಚಿ ಮುಖ ತಿದ್ದಿದವರಿಗೆ ಬಿರುದು. "ಚೆನ್ನಾಗಿ ಕಾಣ್ತಾಳೆ" ಅಂದರೆ ಎರಡನೇ ದರ್ಜೆ. ಏನೂ ಅನ್ನದೆ ನೇರವಾಗಿ ಚಹಾದ ಕಡೆ ಹೋದರೆ ಎಲ್ಲೋ ಕೆಟ್ಟಿದೆ ಎಂದು ಅರ್ಥ.

ಅಟ್ರಾಕ್ಟಾ ಗಿಲ್‌ರಾಯ್‌ಗೆ ಹದಿನೈದು ವರ್ಷದಿಂದ ಆ ಬಿರುದು ತಪ್ಪಿರಲಿಲ್ಲ. ಊರಿನ ಔಷಧಿ ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಅವಳ ಕುರ್ಚಿ, ಕನ್ನಡಿ, ಡಬ್ಬಿಗಳು. ಬಾಗಿಲ ಮೇಲೆ "ಕೆಂಗೂದಲಿನವರಿಗೆ ವರ್ಣ ಸಲಹೆ" ಎಂಬ ಫಲಕ. ಕಪ್ಪು ಕೂದಲಿನವರು ಬಂದರೆ ಅವಳು ವಾಪಸ್ ಕಳಿಸುತ್ತಿರಲಿಲ್ಲ, ಆದರೆ ದನದ ಡಾಕ್ಟರು ಬೆಕ್ಕನ್ನು ನೋಡುವ ಹಾಗೆ ನೋಡುತ್ತಿದ್ದಳು. ಅವಳ ಕಣ್ಣಿಗೆ ನಿಜವಾದ ಗಿರಾಕಿಗಳು ಇಪ್ಪತ್ತಮೂರು ಜನ, ಎಲ್ಲರ ತಲೆಯೂ ಕೆಂಪು. ಅವರ ಮದುವೆಗೆ ಬಣ್ಣ ಹಚ್ಚಲು ಅವಳೇ, ಮಕ್ಕಳ ಜ್ಞಾನಸ್ನಾನಕ್ಕೆ ಅವಳೇ, ಸತ್ತರೆ ಕಡೆಯ ಸಲಕ್ಕೂ ಅವಳೇ. ಶವಸಂಸ್ಕಾರದ ವ್ಯವಸ್ಥೆ ನೋಡುವ ಮಲಾಕಿ ಟಾನ್ಸಿ ಉಳಿದ ಹೆಣಗಳನ್ನೆಲ್ಲ ತಾನೇ ತಿದ್ದುತ್ತಿದ್ದ. ಕೆಂಗೂದಲು ಕಂಡರೆ ಮಾತ್ರ ಫೋನಿನ ಹತ್ತಿರ ಹೋಗುತ್ತಿದ್ದ. ಒಂದು ಸಲ ತಾನೇ ಕೈ ಹಾಕಿ ಒಬ್ಬ ಮುದುಕಿಯನ್ನು ಕಿತ್ತಳೆ ಹಣ್ಣಿನ ಬಣ್ಣಕ್ಕೆ ತಂದಿದ್ದ. ಊರು ಅದನ್ನು ಇನ್ನೂ ಮರೆತಿರಲಿಲ್ಲ.

ಅವಳು ಹುಟ್ಟಿದ್ದು ಬಂದರಿನ ಬೀದಿಯಲ್ಲಿ, ಮೀನುಗಾರನ ಮನೆಯಲ್ಲಿ. ಬೆಳಿಗ್ಗೆ ದೋಣಿಗೆ ಹೊರಟವರಿಗೆ ಕೆಂಗೂದಲಿನ ಹೆಣ್ಣು ಎದುರಾದರೆ ಅವತ್ತಿನ ಕಡಲು ಮುಗಿಯಿತು, ಬಲೆ ಹೆಗಲಿಗೆ ಹಾಕಿಕೊಂಡು ಮನೆಗೆ ವಾಪಸ್. ಹಾಗಾಗಿ ದೋಣಿಗಳೆಲ್ಲ ಹೊರಡುವ ತನಕ ಹುಡುಗಿಗೆ ಮುಂಬಾಗಿಲು ಮುಚ್ಚಿರುತ್ತಿತ್ತು. ಸ್ವಂತ ಅಪ್ಪನೇ "ಅವಳೆಲ್ಲಿದ್ದಾಳೆ?" ಎಂದು ಕೇಳಿಕೊಂಡು, ಅವಳಿಲ್ಲದ ಬಾಗಿಲಿನಿಂದ ಹೊರಗೆ ಹೋಗುತ್ತಿದ್ದ. ಮೇ ತಿಂಗಳ ಮೊದಲ ದಿನ ಅಮ್ಮ ಅವಳನ್ನು ಹೊಲಕ್ಕೆ ಕರೆದೊಯ್ದು ಹುಲ್ಲಿನ ಇಬ್ಬನಿಯಲ್ಲಿ ಮುಖ ತೊಳೆಸುತ್ತಿದ್ದಳು, ಚರ್ಮದ ಮೇಲೆ ರಾಗಿ ಚೆಲ್ಲಿದ ಹಾಗಿದ್ದ ಚುಕ್ಕೆಗಳು ಹೋಗಲಿ ಎಂದು. ಉಳಿದ ತಿಂಗಳುಗಳಲ್ಲಿ ಮಜ್ಜಿಗೆ ಬಳಿಯುತ್ತಿದ್ದಳು. ಚುಕ್ಕೆ ಹೋಗಲಿಲ್ಲ, ಓಣಿಯ ಬೆಕ್ಕುಗಳು ಹಿಂದೆ ಬಿದ್ದವು. ಕಣ್ಣಿನ ರೆಪ್ಪೆ ಇದೆಯೋ ಇಲ್ಲವೋ ಅನ್ನುವಷ್ಟು ಬಿಳಿ; ಶಾಲೆಯಲ್ಲಿ ಅವಳ ಹೆಸರು ಹಂದಿಮರಿ.

ಹತ್ತೊಂಬತ್ತನೇ ವಯಸ್ಸಿಗೆ ಲಿವರ್‌ಪೂಲಿಗೆ ಹೋಗಿ, ಒಂದು ದೊಡ್ಡ ಅಂಗಡಿಯಲ್ಲಿ ಪೌಡರು ಲಿಪ್‌ಸ್ಟಿಕ್ ಮಾರುತ್ತ ಎರಡು ವರ್ಷ ನಿಂತಳು. ಅಲ್ಲಿ ಅವಳಿಗೆ ಗೊತ್ತಾದದ್ದು, ಜಗತ್ತಿನ ಬಣ್ಣಗಳನ್ನೆಲ್ಲ ಬೇರೆ ಯಾರಿಗೋ ಮಾಡಿದ್ದಾರೆ ಎಂದು. ಗುಲಾಬಿ ಹಚ್ಚಿದರೆ ಜ್ವರ ಬಂದ ಹಾಗೆ. ದಂತದ ಬಣ್ಣ ಅಂದದ್ದು ಅವಳ ಕೆನ್ನೆಯ ಮೇಲೆ ಕಾಮಾಲೆ. ಕಪ್ಪು ಮಸ್ಕರಾ ಹಾಕಿದರೆ ಹಾಲಿನ ಬಟ್ಟಲಿಗೆ ಬಿದ್ದ ಎರಡು ಜೇಡ. ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ಕೂತು ತನ್ನ ಮುಖದ ಮೇಲೆ ತಾನೇ ಪ್ರಯೋಗ ಮಾಡಿದಳು. ಕೆಂಪು ತಣಿಸಲು ಮೊದಲು ಬಟಾಣಿ ಗಾತ್ರದ ಹಸಿರು ಕ್ರೀಮು. ಅದರ ಮೇಲೆ ಚುಕ್ಕೆ ಮುಚ್ಚುವ ಫೌಂಡೇಶನ್, ತಾನೇ ಬೆರೆಸಿದ್ದು. ಕೆನ್ನೆಗೆ ಪೀಚ್ ಹಣ್ಣಿನ ಬಣ್ಣ, ರೆಪ್ಪೆಗೆ ಕಂದು ಡೈ, ತಿಂಗಳಿಗೊಮ್ಮೆ. ಕಡೆಗೆ ಹುಬ್ಬು. ಇಲ್ಲದ ಜಾಗದಲ್ಲಿ ಬರೆದ ಹುಬ್ಬು, ತುದಿಯಲ್ಲಿ ಸ್ವಲ್ಪ ಮೇಲಕ್ಕೆ ಎತ್ತಿದ್ದು, ಎದುರಿನವರು ಏನೋ ಸುಳ್ಳು ಹೇಳಿದ್ದಾರೆ ಅನ್ನುವಂತೆ. ಆ ಹುಬ್ಬು ಹೊತ್ತುಕೊಂಡು ಊರಿಗೆ ಬಂದ ಅಟ್ರಾಕ್ಟಾಳನ್ನು ಆಮೇಲೆ ಯಾರೂ ಹಂದಿಮರಿ ಅನ್ನಲಿಲ್ಲ. ಅವಳ ಬರಿ ಮುಖವನ್ನು ಆಮೇಲೆ ಯಾರೂ ನೋಡಲೂ ಇಲ್ಲ.

ಗಿರಾಕಿಗಳಿಗೆ ಅವಳು ದಿನಾ ಮುಖ ಬರೆದುಕೊಳ್ಳುವುದನ್ನು ಕಲಿಸುತ್ತಿದ್ದಳು, ಬೋಧನೆಯನ್ನೂ ಮಾಡುತ್ತಿದ್ದಳು. ಮೋಡ ಇದೆ ಅಂತ ಬಿಸಿಲಿನ ಕ್ರೀಮು ಬಿಡಬೇಡಿ, ಮುಖಕ್ಕೆ ಸೋಪು ಮುಟ್ಟಿಸಬೇಡಿ, ನನ್ನನ್ನು ಕೇಳದೆ ಕಿವಿಯೋಲೆ ಕೂಡ ಕೊಳ್ಳಬೇಡಿ. ಭಾನುವಾರದ ಪ್ರವಚನದಲ್ಲಿ ಪಾದ್ರಿಯ ಧ್ವನಿಗೂ ಅಷ್ಟು ಖಚಿತತೆ ಇರುತ್ತಿರಲಿಲ್ಲ.

ಈಚಿನ ಒಂದೆರಡು ವರ್ಷಗಳಲ್ಲಿ ಸಣ್ಣ ಸಣ್ಣ ಸಂಗತಿಗಳು ನಡೆದಿದ್ದವು. ಬ್ಯಾಂಕಿನ ಹುಡುಗಿ "ಈಗ ತಾನೇ ಬಂದು ಹೋದ್ರಲ್ಲಾ" ಎಂದು ಅವಳನ್ನು ನೋಡಿ ಬೆಪ್ಪಾದಳು. ಅವಳ ಸಾಕುನಾಯಿ ಒಂದು ಬೆಳಿಗ್ಗೆ ಯಾರದೋ ಹಿಂದೆ ಹೋಗಿ, ಸೇತುವೆ ದಾಟಿದ ಮೇಲೆ ತಪ್ಪು ತಿಳಿದು, ಬಾಲ ಮುದುಡಿಕೊಂಡು ಬಂದಿತು. ಒಬ್ಬ ಮೀನುಗಾರ ಕಾಲು ಗಂಟೆಯೊಳಗೆ ಅಟ್ರಾಕ್ಟಾಳನ್ನು ಬಂದರಿನಲ್ಲಿ, ಸೇತುವೆಯ ಮೇಲೆ, ಚರ್ಚಿನ ಗೇಟಿನಲ್ಲಿ, ಮೂರು ಕಡೆ ನೋಡಿ, ದೋಣಿಯನ್ನು ಒಂದು ವಾರ ದಡಕ್ಕೆ ಎಳೆದಿಟ್ಟ. ಪ್ರಸಾದದ ಸಾಲಿನಲ್ಲಿ ಅವಳೇ ಒಮ್ಮೆ ತಲೆ ಎತ್ತಿ ನೋಡಿದಾಗ, ಪಾದ್ರಿಯ ಕೈಯಿಂದ ಪ್ರಸಾದ ತೆಗೆದುಕೊಂಡು ತಿರುಗಿ ಬರುತ್ತಿದ್ದ ಒಂಬತ್ತು ಮುಖಗಳಲ್ಲೂ ಅದೇ ಹುಬ್ಬು ಇತ್ತು, ಅದೇ ಸಂಶಯ. ಒಂಬತ್ತೂ ಅವಳ ಕಡೆಗೆ ಬಂದು, ಅವಳನ್ನು ದಾಟಿ, ಹಿಂದೆ ಹೋದವು. ಬೆನ್ನಿನಲ್ಲಿ ಏನೋ ತಣ್ಣಗೆ ಹರಿದಂತಾಯಿತು. ಅವಳು ಅದಕ್ಕೆ ಹೆಮ್ಮೆ ಎಂದು ಹೆಸರಿಟ್ಟಳು.

ಅಕ್ಟೋಬರಿನಲ್ಲಿ ಡಿಂಪ್ನಾ ತೀರಿಕೊಂಡಳು. ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದವಳು, ವಯಸ್ಸು ನಲವತ್ತನಾಲ್ಕು, ಅಟ್ರಾಕ್ಟಾಳದ್ದೇ ವಯಸ್ಸು. ಅಂಚೆ ಚೀಟಿ ಹರಿಯುತ್ತಿದ್ದಂತೆ ಎದೆ ಹಿಡಿದುಕೊಂಡು ಕೂತಳು, ಏಳಲಿಲ್ಲ. ಹದಿನೈದು ವರ್ಷ ತಿಂಗಳ ಮೊದಲ ಗುರುವಾರ ತಪ್ಪದೆ ಅಟ್ರಾಕ್ಟಾಳ ಕುರ್ಚಿಯಲ್ಲಿ ಕೂತ ಹೆಂಗಸು. ಗಂಡ ಪ್ಯಾಕಿ, ಲಾರಿ ಓಡಿಸುವವನು, ಮಾತು ಕಡಿಮೆ. ಹೆಂಡತಿ ಬೆಳಿಗ್ಗೆ ತನಗಿಂತ ಮೊದಲೇ ಎದ್ದು ಕನ್ನಡಿಯ ಮುಂದೆ ಕೂರುತ್ತಿದ್ದಳು ಎಂದಷ್ಟೇ ಹೇಳಿದ.

ಮನೆಯ ಮುಂದಿನ ಕೋಣೆಯಲ್ಲಿ ಪೆಟ್ಟಿಗೆ ಇಟ್ಟರು. ಸಾವಿನ ಮನೆಯ ಪದ್ಧತಿಯಂತೆ ಗಡಿಯಾರ ನಿಲ್ಲಿಸಿದರು, ಅಗ್ಗಿಷ್ಟಿಕೆಯ ಮೇಲಿನ ಕನ್ನಡಿಗೆ ಬಿಳಿ ಚಾದರ ಹೊದಿಸಿದರು. ಅಟ್ರಾಕ್ಟಾ ಬೆಳಿಗ್ಗೆಯೇ ಬಂದು ಎರಡು ಗಂಟೆ ಕೆಲಸ ಮಾಡಿದಳು. ಹನ್ನೊಂದರಿಂದ ಜನ ಬರತೊಡಗಿದರು. "ತನ್ನ ಹಾಗೇ ಇದ್ದಾಳೆ" ಅಂದರು, ಒಬ್ಬರಾದ ಮೇಲೊಬ್ಬರು. ಹ್ಯಾಮ್ ಸ್ಯಾಂಡ್‌ವಿಚ್ ತಿಂದರು. ಅಟ್ರಾಕ್ಟಾ ಬಾಗಿಲ ಪಕ್ಕ ಕೈ ಕಟ್ಟಿ ನಿಂತು ಪ್ರತಿ ಸಲವೂ ತಲೆಯನ್ನು ಸ್ವಲ್ಪ ಬಾಗಿಸುತ್ತಿದ್ದಳು, ಅದು ತನಗೆ ಹೇಳಿದ್ದು ಎಂಬಂತೆ. ಸಂಜೆ ಐದಕ್ಕೆ ಮುಚ್ಚಳ ಹಾಕಿ ಚರ್ಚಿಗೆ ಒಯ್ಯುವುದು ಎಂದು ಮಲಾಕಿ ಹೇಳಿದ್ದ.

ಎರಡು ಗಂಟೆಗೆ ಡಿಂಪ್ನಾಳ ತಾಯಿಯನ್ನು ಕರೆತಂದರು. ಹನೋರಾ ಫೀಹಿಲಿ, ಎಂಬತ್ತೊಂದು ವರ್ಷ, ಗುಡ್ಡದ ಮೇಲೆ ಆರು ಮೈಲಿ ಆಚೆ ಕುರಿಗಳ ಜೊತೆ ಒಂಟಿ ಇರುವವಳು, ಊರಿಗೆ ಇಳಿಯುವುದೇ ಅಪರೂಪ. ಕೋಣೆಯಲ್ಲಿದ್ದವರೆಲ್ಲ ಎದ್ದು ದಾರಿ ಬಿಟ್ಟರು. ಮುದುಕಿ ಪೆಟ್ಟಿಗೆಯ ಪಕ್ಕ ನಿಂತಳು, ಬಗ್ಗಿದಳು, ಬಹಳ ಹೊತ್ತು ನೋಡಿದಳು. ಆಮೇಲೆ ಪೂರ್ತಿ ಸ್ಪಷ್ಟವಾದ ದನಿಯಲ್ಲಿ ಕೇಳಿದಳು.

"ಗಿಲ್‌ರಾಯ್ ಹುಡುಗಿ ಯಾವಾಗ ಹೋದ್ಲು?"

ಚಹಾ ಕುಡಿಯುತ್ತಿದ್ದವರೆಲ್ಲ ಬಾಗಿಲ ಪಕ್ಕ ನಿಂತಿದ್ದ ಅಟ್ರಾಕ್ಟಾಳ ಕಡೆ ತಿರುಗಿದರು.

"ಅಯ್ಯೋ ಪಾಪ, ಇವಳೂ ಹೋದ್ಲಾ," ಅಂದಳು ಮುದುಕಿ. "ನನ್ನ ಮಗಳನ್ನ ಎಲ್ಲಿಟ್ಟಿದೀರಿ?"

ಪ್ಯಾಕಿ ಅವಳ ಮೊಣಕೈ ಹಿಡಿದು, ಅಮ್ಮಾ, ಇದು ಡಿಂಪ್ನಾನೇ ಅಂದ. ಮುದುಕಿ ಅವನ ಕೈ ಬಿಡಿಸಿಕೊಂಡಳು. ಒಳಗಿನ ಕೋಣೆಗೆ ಹೋಗಿ ನೋಡಿದಳು, ಅಡಿಗೆಮನೆಗೆ ಹೋಗಿ ನೋಡಿದಳು, ಮೆಟ್ಟಿಲ ಕೆಳಗೆ ನಿಂತು "ಡಿಂಪ್ನಾ" ಎಂದು ಕರೆದಳು. ಮೇಲಿನಿಂದ ಉತ್ತರ ಬರಲಿಲ್ಲ. ಬರಲಾರದು ಎಂದು ಎಲ್ಲರಿಗೂ ಗೊತ್ತಿತ್ತು, ಆದರೂ ಎಲ್ಲರೂ ಉಸಿರು ಹಿಡಿದು ಕೇಳಿದರು.

ಹೆಂಗಸರು ಪಿಸುಗುಟ್ಟಿದರು, ವಯಸ್ಸಾಯ್ತಲ್ಲ, ತಲೆ ನಿಲ್ಲಲ್ಲ. ಆದರೆ ಮುದುಕಿಯ ತಲೆ ನಿಂತೇ ಇತ್ತು. ತನ್ನ ನಲವತ್ತು ಕುರಿಗಳನ್ನು ಮುಖ ನೋಡಿ ಗುರುತಿಸುವವಳು. ಅವಳು ಬಂದು ಕುರ್ಚಿಯಲ್ಲಿ ಕೂತು, ಕೈಯಲ್ಲಿ ಜಪಮಾಲೆ ಹಿಡಿದುಕೊಂಡು, ಮಗಳನ್ನು ತೋರಿಸುವ ತನಕ ಒಂದು ಮಣಿಯನ್ನೂ ಎಣಿಸುವುದಿಲ್ಲ ಎಂದಳು. ತಾಯಿ ಶುರು ಮಾಡದೆ ಪ್ರಾರ್ಥನೆ ಶುರುವಾಗುವುದಿಲ್ಲ. ಮಲಾಕಿ ಜೇಬಿನ ಗಡಿಯಾರ ತೆಗೆದು ನೋಡಿದ.

ಅಟ್ರಾಕ್ಟಾಳಿಗೆ ಮೊದಲು ಬಂದದ್ದು ಕೋಪ. ಮುದುಕಿಗೆ ಕಣ್ಣಿನ ಪೊರೆ ಇರಬೇಕು, ಕಿಟಕಿಯ ಬೆಳಕು ಓರೆಯಾಗಿದೆ, ಗುಡ್ಡದ ಜನಕ್ಕೆ ಪೀಚ್ ಬಣ್ಣದ ಅಭ್ಯಾಸ ಇಲ್ಲ ಎಂದೆಲ್ಲ ವಿವರಿಸಿದಳು. ಆಮೇಲೆ ಮುದುಕಿಯ ಮುಂದೆ ಬಗ್ಗಿ, ದೊಡ್ಡ ದನಿಯಲ್ಲಿ, "ಮಿಸೆಸ್ ಫೀಹಿಲಿ, ನಾನು ಅಟ್ರಾಕ್ಟಾ. ಸತ್ತಿಲ್ಲ, ಇಲ್ಲೇ ಇದೀನಿ," ಅಂದಳು.

ಮುದುಕಿ ಅವಳನ್ನು ನೋಡಿದಳು, ಪೆಟ್ಟಿಗೆಯನ್ನು ನೋಡಿದಳು. ಕೈಯಲ್ಲಿದ್ದ ಜಪಮಾಲೆಯ ಶಿಲುಬೆಯನ್ನು ಇಬ್ಬರ ನಡುವೆ ಎತ್ತಿ ಹಿಡಿದಳು.

"ಹಾಗಾದ್ರೆ ಅಲ್ಲಿ ಮಲಗಿರೋದು ಯಾರು?"

ಆ ಪ್ರಶ್ನೆಗೆ ಉತ್ತರ ಕೊಡಲು ಅಟ್ರಾಕ್ಟಾ ಸಾವಿನ ಮನೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಅಗ್ಗಿಷ್ಟಿಕೆಯ ಹತ್ತಿರ ಹೋಗಿ ಕನ್ನಡಿಯ ಚಾದರ ಎಳೆದಳು. ಹಿಂದೆ ಯಾರೋ "ಯೇಸುವೇ" ಅಂದರು. ಕನ್ನಡಿ ಮುಂದಕ್ಕೆ ವಾಲಿಕೊಂಡು ನೇತಾಡುತ್ತಿತ್ತು. ಅದರಲ್ಲಿ ಅವಳ ಮುಖವೂ, ಅವಳ ಹೆಗಲಿನ ಹಿಂದೆ ಪೆಟ್ಟಿಗೆಯೊಳಗಿನ ಮುಖವೂ ಒಟ್ಟಿಗೆ ಕಂಡವು. ಅದೇ ಹುಬ್ಬು, ಅದೇ ಕೆನ್ನೆ, ತುಟಿಯ ಅದೇ ಗೆರೆ. ಒಂದು ನಿಂತಿತ್ತು, ಒಂದು ಮಲಗಿತ್ತು. ಒಂದು ಮುಖ ಕಣ್ಣು ಮಿಟುಕಿಸಿತು. ಯಾವುದು ಎಂದು ಅವಳಿಗೆ ತಕ್ಷಣ ಹೇಳಲಾಗಲಿಲ್ಲ.

ಕೋಣೆಯಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಲು ಮಲಾಕಿಗೆ ಹೇಳಿದಳು. ಏನು ಮಾಡ್ತೀಯ ಎಂದು ಅವನು ಕೇಳಿದ. ಒರಸ್ತೀನಿ ಅಂದಳು. ಅವನ ಕಣ್ಣ ಮುಂದೆ ಕಿತ್ತಳೆ ಮುದುಕಿ ಹಾದು ಹೋಗಿರಬೇಕು, "ಐದು ಗಂಟೆಗೆ ಮುಚ್ತೀನಿ, ಅಟ್ರಾಕ್ಟಾ. ಯಾರ ಮುಖ ಇದ್ರೂ ಮುಚ್ತೀನಿ," ಎಂದು ಹೇಳಿ ಬಾಗಿಲು ಎಳೆದುಕೊಂಡ. ಮುದುಕಿ ಕುರ್ಚಿ ಬಿಟ್ಟು ಏಳಲಿಲ್ಲ. ಒಳಗೆ ಉಳಿದವರು ಮೂವರು, ಡಿಂಪ್ನಾಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ.

ಕೋಲ್ಡ್ ಕ್ರೀಮಿನಲ್ಲಿ ಹತ್ತಿ ಅದ್ದಿ ಅವಳು ಒರಸಿದಳು. ಮೊದಲು ಹುಬ್ಬು ಹೋಯಿತು, ಆಮೇಲೆ ಕೆನ್ನೆ, ಆಮೇಲೆ ತುಟಿ. ಕೆಳಗೆ ಡಿಂಪ್ನಾ ಸಿಗುತ್ತಾಳೆ ಎಂದುಕೊಂಡಿದ್ದಳು. ಸಿಕ್ಕಿದ್ದು ಮೇಣದ ಬಣ್ಣದ ಒಂದು ಜಾಗ. ಸಾವು ಚುಕ್ಕೆಗಳನ್ನೂ ಮಾಸಿಸಿತ್ತು. ಅದು ಯಾರ ಮುಖವೂ ಆಗಿರಲಿಲ್ಲ. ತನ್ನದು ತೆಗೆದ ಮೇಲೆ ಅಲ್ಲಿ ಏನೂ ಉಳಿದಿರಲಿಲ್ಲ. ಕಣ್ಣು ಮುಚ್ಚಿ ನೆನಪಿಸಿಕೊಳ್ಳಲು ನೋಡಿದಳು. ಹದಿನೈದು ವರ್ಷದ ಗುರುವಾರಗಳಲ್ಲಿ ಒಂದರಲ್ಲೂ ಡಿಂಪ್ನಾ ಬರಲಿಲ್ಲ; ಹಸಿರು ಕ್ರೀಮು ಕಂಡಿತು, ಹುಬ್ಬಿನ ಪೆನ್ಸಿಲು ಕಂಡಿತು. ಪ್ಯಾಕಿಯನ್ನು ಕೇಳಿದ್ದಕ್ಕೆ ಬಾಗಿಲ ಸಂದಿಯಿಂದ ಆಲ್ಬಮ್ ಕೊಟ್ಟು ಹೋದ. ಮದುವೆ, ರಜೆ, ಅಂಚೆ ಕಚೇರಿಯ ಕ್ರಿಸ್‌ಮಸ್, ಪುಟ ಪುಟದಲ್ಲೂ ಅಟ್ರಾಕ್ಟಾಳೇ ನಗುತ್ತಿದ್ದಳು.

"ಭಾನುವಾರ ಮಧ್ಯಾಹ್ನ ಬರ್ತಿದ್ಲು," ಎಂದು ಕುರ್ಚಿಯಿಂದ ಮುದುಕಿ ಹೇಳಿದಳು. ಅವಳಿಗೆ ಈಗ ಅರ್ಥವಾಗತೊಡಗಿತ್ತು. "ಹೊಳೆ ಹತ್ರ ಕಾರು ನಿಲ್ಲಿಸಿ ಮುಖ ತೊಳ್ಕೊಂಡು ಮೇಲೆ ಹತ್ತೋಳು. ನನಗೆ ಬಣ್ಣ ಆಗಲ್ಲ ಅಂತ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ಲು. ಹಣೇ ಅಂಚಿನ ಕೂದಲಲ್ಲಿ ನೀರು ಹಾಗೇ ಇರ್ತಿತ್ತಲ್ಲ."

ಹಾಗೆಂದರೆ ಡಿಂಪ್ನಾಳ ಬರಿ ಮುಖ ಬಲ್ಲವಳು ಈ ಮುದುಕಿ ಒಬ್ಬಳೇ. ಅಟ್ರಾಕ್ಟಾ ಕುರ್ಚಿಯನ್ನು ಪೆಟ್ಟಿಗೆಯ ಹತ್ತಿರಕ್ಕೆ ಎಳೆದು, ನೀವು ಹೇಳಿ, ನಾನು ಮಾಡ್ತೀನಿ ಅಂದಳು. ಜೀವಮಾನದಲ್ಲಿ ಗಿರಾಕಿಗೆ ಅವಳು ಆ ಮಾತು ಹೇಳಿದ್ದು ಅದೇ ಮೊದಲು. ಚುಕ್ಕೆ ಎಷ್ಟು ಎಂದು ಕೇಳಿದಳು. ಮುದುಕಿ ಎಷ್ಟು ಎಂದು ಹೇಳಲಿಲ್ಲ, ಎಲ್ಲೆಲ್ಲಿ ಎಂದು ಬೆರಳಿನಲ್ಲಿ ತೋರಿಸಿದಳು. ಮೂಗಿನ ಮೇಲೆ ದಟ್ಟ, ಹಣೆಯ ಎಡಕ್ಕೆ ವಿರಳ, ತುಟಿಯ ಮೇಲೆ ಒಂದು, ಚಿಕ್ಕೋಳಿದ್ದಾಗ ಲೋಟದಲ್ಲಿ ಹಾಲು ಕುಡಿಯೋವಾಗ ನನಗೆ ಅದೇ ಕಾಣ್ತಿತ್ತು ಅಂದಳು. ಅಟ್ರಾಕ್ಟಾ ಸಣ್ಣ ಕುಂಚದಲ್ಲಿ ಒಂದೊಂದಾಗಿ ಇಟ್ಟಳು. ಮೂವತ್ತು ಇಟ್ಟ ಮೇಲೆ ಮುದುಕಿ ತಲೆಯಾಡಿಸಿದಳು. ಅದು ಚುಕ್ಕೆ ಅಲ್ಲ, ಕೊಳೆ ಅಂದಳು.

"ನಿನ್ನ ಮುಖ ಒರಸ್ಕೋ."

ಅಟ್ರಾಕ್ಟಾ ಕೇಳಿಸದವಳಂತೆ ಬಣ್ಣ ಬೆರೆಸುತ್ತಿದ್ದಳು.

"ನಿನ್ನದೂ ಇವಳದೂ ಒಂದೇ ಚರ್ಮ ಅಲ್ವೇನೇ? ಒರಸ್ಕೊಂಡು ನೋಡ್ಕೊಂಡು ಮಾಡು. ಆ ಹುಬ್ಬು ಇಟ್ಕೊಂಡು ಬಗ್ಗಿದ್ರೆ ನನ್ನ ಮಗಳು ಬರಲ್ಲ. ಹೆದರ್ಕೋತಾಳೆ."

ಹೊರಗೆ ಜನರ ಮಾತಿನ ಗುಜುಗುಜು. ಗಂಟೆ ನಾಲ್ಕಾಗುತ್ತಿತ್ತು. ಅಟ್ರಾಕ್ಟಾ ಕಿಟಕಿಯ ಪರದೆ ಎಳೆದು, ಬಾಗಿಲ ಚಿಲಕ ನೋಡಿ ಬಂದು, ಕನ್ನಡಿಗೆ ಎದುರಾಗಿ ನಿಂತಳು. ಅದೇ ಹತ್ತಿ, ಅದೇ ಕ್ರೀಮು. ಇಪ್ಪತ್ತೈದು ವರ್ಷ ಕತ್ತಲೆಯಲ್ಲಿದ್ದ ಮುಖ ಹೊರಗೆ ಬಂತು, ಅವಳ ಗುರುತಿಗಿಂತ ವಯಸ್ಸಾದದ್ದು, ರೆಪ್ಪೆಯ ಬುಡದಲ್ಲಿ ಬಿಳಿ, ಹಣೆಯಿಂದ ಕತ್ತಿನ ತನಕ ಚುಕ್ಕೆ. ಅವಳನ್ನು ನೋಡಿ ಅದಕ್ಕೂ ಸಂತೋಷವಾದಂತೆ ಕಾಣಲಿಲ್ಲ.

ಆದರೆ ಕೆಲಸ ಸಲೀಸಾಯಿತು. ಚುಕ್ಕೆ ಒಂದೇ ಕಂದು ಅಲ್ಲ, ಕೆಲವು ಜೇನು, ಕೆಲವು ತುಕ್ಕು, ಕೆಲವು ಚರ್ಮದ ಒಳಗೇ ಮುಳುಗಿದಂಥವು. ತನ್ನ ಕೆನ್ನೆ ನೋಡುವುದು, ಬೆರೆಸುವುದು, ಇಡುವುದು. ಬೆರಳಿನಿಂದ ಒತ್ತಿ ಅರ್ಧ ಅಳಿಸುವುದು. ರೆಪ್ಪೆಯ ಕಂದು ಡೈ ಮಾತ್ರ ಒರಸಿದರೆ ಹೋಗುವಂಥದ್ದಲ್ಲ, ತಾನೇ ಹಾಗೆ ಮಾಡಿಟ್ಟಿದ್ದಳು; ಮುದುಕಿಗೆ ಹುಟ್ಟಿನ ಬಿಳಿ ರೆಪ್ಪೆಯೇ ಬೇಕಿತ್ತು. ಮಕ್ಕಳ ಮೈಗೆ ಹಚ್ಚುವ ಸತುವಿನ ಮುಲಾಮಿಗೆ ಪೌಡರು ಕಲಸಿ, ಒಂದೊಂದು ಕೂದಲಿಗೂ ಸವರಿ ಬಿಳಿ ಮಾಡಿದಳು. ಹುಬ್ಬಿನ ಜಾಗ ಖಾಲಿ ಬಿಟ್ಟಳು. ಒಂದು ಹೊತ್ತಿನಲ್ಲಿ, ಬಗ್ಗಿದ್ದ ಅವಳಿಗೆ, ಕೆಳಗಿನಿಂದ ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಕಣ್ಣು ಮುಚ್ಚಿಯೇ ಇತ್ತು. ಆದರೂ ಅವಳು ಕುಂಚ ಹಿಂದಕ್ಕೆ ತೆಗೆದಳು.

ಮುದುಕಿ ಎದ್ದು ನಿಂತಿದ್ದಳು.

"ಭಾನುವಾರ ಬರ್ತೀನಿ ಅಂದಿದ್ಯಲ್ಲೇ," ಅಂದಳು ಮಗಳಿಗೆ. "ಕೋಳಿ ಕುಯ್ದು ಇಟ್ಟಿದೀನಿ. ಈಗ ಅದನ್ನ ನಾನೊಬ್ಬಳೇ ಹೇಗೆ ತಿನ್ಲಿ?"

ಆಮೇಲೆ ಮುದುಕಿಯ ಗಂಟಲಿನಿಂದ ಬಂದ ದನಿಗೆ ಹೊರಗಿನ ಗುಜುಗುಜು ನಿಂತುಹೋಯಿತು.

ಬಾಗಿಲು ತೆಗೆದಾಗ ಜನ ಸಾಲಾಗಿ ಒಳಗೆ ಬಂದರು, ಪೆಟ್ಟಿಗೆಯ ಹತ್ತಿರ ತಲೆ ಓರೆ ಮಾಡಿದರು, ಬಾಯಿ ತೆರೆದರು, ಮತ್ತೆ ಮುಚ್ಚಿದರು. ಹದಿನೈದು ವರ್ಷ ಅವಳ ಕೈಯಿಂದ ಅಂಚೆ ಚೀಟಿ ಕೊಂಡವರಿಗೆ ಈ ಹೆಂಗಸು ಯಾರೆಂದು ಗೊತ್ತಿರಲಿಲ್ಲ. ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಕೇಳಿದಳು. ಆ ಇನ್ನೊಬ್ಬಳು ಭುಜ ಕುಣಿಸಿದಳು. ಪ್ಯಾಕಿ ಮಾತ್ರ ಹತ್ತಿರ ಬಂದು ನೋಡಿ, ಒಂದೆರಡು ಸಲ ಬೆಳಗಿನ ಜಾವ ಇವಳನ್ನ ನೋಡಿದ ಹಾಗಿದೆ ಅಂದ. ಆದರೆ ಜಪಮಾಲೆ ಸರಿಯುತ್ತಿತ್ತು, ಮುದುಕಿಯ ದನಿಗೆ ಎಲ್ಲರೂ ದನಿ ಸೇರಿಸಲೇಬೇಕಾಯಿತು. ಪ್ರಾರ್ಥನೆ ಮುಗಿದ ಮೇಲೆ ಪದ್ಧತಿಯಂತೆ ಮನೆಯವರ ಕೈ ಕುಲುಕಲು ಬಂದರು. ಮೊದಲು ಮುದುಕಿ, ಆಮೇಲೆ ಪ್ಯಾಕಿ, ಆಮೇಲೆ, ಪೆಟ್ಟಿಗೆಯ ತಲೆಯ ಕಡೆ ಎಲ್ಲಿಗೂ ಹೋಗಲು ದಾರಿ ಸಿಗದೆ ನಿಂತಿದ್ದ, ಸತ್ತವಳ ಹಾಗೇ ಚುಕ್ಕೆ ಮುಖದ, ಹುಬ್ಬಿಲ್ಲದ ಹೆಂಗಸು. ತಂಗಿ ಇರಬೇಕು, ಇಂಗ್ಲೆಂಡಿನಲ್ಲಿದ್ದವಳು, ಎಂದು ಯಾರೋ ಹೇಳಿದ್ದು ಕೇಳಿಸಿತು.

"ನಿಮಗೆ ಬಂದ ಕಷ್ಟಕ್ಕೆ ಬೇಜಾರಾಯ್ತಮ್ಮ," ಎಂದು ಔಷಧಿ ಅಂಗಡಿಯವನು ಅವಳ ಕೈ ಹಿಡಿದ, ಹದಿನೈದು ವರ್ಷ ತನ್ನ ಹಿಂದಿನ ಕೋಣೆ ಕೊಟ್ಟವನು. ಬೇಜಾರಾಯ್ತು ಎಂದು ಬ್ಯಾಂಕಿನ ಹುಡುಗಿ ಅಂದಳು. ಅಟ್ರಾಕ್ಟಾಳ ಆರು ಜನ ಗಿರಾಕಿಗಳು ಒಬ್ಬರ ಹಿಂದೆ ಒಬ್ಬರು ಬಂದು ಅಂದರು, ಹುಬ್ಬು ಎತ್ತಿಕೊಂಡು, ಅವಳ ಮುಖವನ್ನು ಕರುಣೆಯಿಂದ ನೋಡುತ್ತ. ಕಡೆಯವಳು ದನಿ ತಗ್ಗಿಸಿ, ತಪ್ಪು ತಿಳ್ಕೋಬೇಡಿ, ನಮ್ಮೂರಲ್ಲಿ ಒಬ್ಬಳಿದಾಳೆ, ನಿಮ್ಮಂಥ ಚರ್ಮಕ್ಕೆ ಏನಾದ್ರೂ ಮಾಡ್ತಾಳೆ ಎಂದು ವಿಳಾಸ ಹೇಳಿದಳು. ಅಟ್ರಾಕ್ಟಾ ಥ್ಯಾಂಕ್ಸ್ ಅಂದಳು.

ಐದಕ್ಕೆ ಮುಚ್ಚಳ ಹಾಕಿದರು. ಮಲಾಕಿ ತಿರುಪು ಬಿಗಿಸಿ ಎದ್ದು, ಕೋಣೆಯ ಸುತ್ತ ಕಣ್ಣಾಡಿಸಿದ. ಒಂದೇ ಬೆಂಚಿನಲ್ಲಿ ಅವಳ ಜೊತೆ ಓದಿದವನು, ಹಂದಿಮರಿ ಎಂದು ಮೊದಲು ಕೂಗಿದವನೂ ಅವನೇ ಇರಬಹುದು.

"ಅಟ್ರಾಕ್ಟಾ ಎಲ್ಲಿ ಹೋದ್ಲು, ನೋಡಿದ್ರಾ?" ಎಂದು ಅವಳನ್ನೇ ಕೇಳಿದ.

ಅವಳ ಹತ್ತಿರ ಹೆಸರು ಸಿದ್ಧವಿತ್ತು, ಫಲಕದ ಮೇಲಿನ ಬಿರುದೂ ಇತ್ತು. ಹೇಳಲು ಬಾಯಿ ತೆರೆದಳು.

"ಹೊರಟುಹೋದ್ಲು," ಅಂದಳು ಮುದುಕಿ ಹಿಂದಿನಿಂದ, ಅಟ್ರಾಕ್ಟಾಳ ಮಣಿಕಟ್ಟನ್ನು ಹಿಡಿದುಕೊಂಡು. ಆ ಹಿಡಿತದಲ್ಲಿ ಕುರಿ ಹಿಡಿದು ಅಭ್ಯಾಸವಾದ ಬಲವಿತ್ತು.

ಹೊರಗೆ ಮಲಾಕಿ ಟೋಪಿ ತೆಗೆದು, ಮನೆಯವರಿಗೆ ಮುಂದಿನ ಕಾರು ಎಂದು ಹೇಳಿ ಅದರ ಬಾಗಿಲು ತೆರೆದು ಹಿಡಿದ. ಮುದುಕಿ ಮೊದಲು ಹತ್ತಿದಳು. ಹತ್ತಿ, ಪಕ್ಕದ ಸೀಟನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.